ವಜ್ರಕಾಯದ ಹಂಬಲ

ಕೊರಟಗೆರೆ ಸೀಮೆಯ ಸಿದ್ಧರಬೆಟ್ಟ ಗಿಡಮೂಲಿಕೆಗಳಿಗೆ ಹೆಸರಾದುದು. ಅಲ್ಲಿಯ ಗವಿಗಳಲ್ಲಿ ಸಿದ್ಧಪುರುಷರು ತಪಸ್ಸು ಮಾಡಿದರೆಂಬುದು ಜನರ ನಂಬುಗೆ. ಆ ಬೆಟ್ಟ ಹತ್ತುವಾಗಲೆಲ್ಲ ನನಗೊಂದು ವಿಚಾರ ಹೊಳೆಯುತ್ತದೆ: ಮುಪ್ಪು ಸಾವುಗಳನ್ನು ಗೆಲ್ಲುವ ಹಂಬಲ ನಮಗೆ ಹೊಸತಲ್ಲ. ಆಯುರ್ವೇದದ ಎಂಟು ಅಂಗಗಳಲ್ಲಿ ರಸಾಯನವೂ ಒಂದು. ಸಂಸ್ಕರಿಸಿದ ಪಾದರಸದಿಂದ ದೇಹ ಅಳಿಯದಂತಾಗುವುದೆಂದು ರಸಸಿದ್ಧರು ಬಗೆದಿದ್ದರು.

ಆದುದರಿಂದ ಪಶ್ಚಿಮದವರ ಸಾಹಸವನ್ನು ಕೇಳಿ ನಾವು ನಗಬೇಕಾದುದಿಲ್ಲ. ಸತ್ತವರ ದೇಹವನ್ನು ಕಡುಶೀತದಲ್ಲಿ ಕಾಪಾಡಿದರೆ ಮುಂದೊಂದು ಕಾಲದ ವೈದ್ಯರು ಅವರನ್ನು ಎಬ್ಬಿಸಿಯಾರೆಂದು ಅಮೆರಿಕದ ಭೌತಶಾಸ್ತ್ರದ ಅಧ್ಯಾಪಕ ರಾಬರ್ಟ್ ಎಟಿಂಗರ್ 1964ರ ತಮ್ಮ ಗ್ರಂಥದಲ್ಲಿ ವಾದಿಸಿದರು. 1967ರ ಜನವರಿಯಲ್ಲಿ ತೀರಿಕೊಂಡ ಪ್ರಾಧ್ಯಾಪಕ ಜೇಮ್ಸ್ ಬೆಡ್‌ಫರ್ಡರ ದೇಹ ಇಂದಿಗೂ ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದ ಶೀತದಲ್ಲಿದೆ. ಹೀಗೆ ಇರಿಸಿದವರಲ್ಲಿ ಒಬ್ಬರೂ ಎದ್ದಿಲ್ಲ, ನಿಜ. ಆದರೂ ಆ ವಾದದ ತಿರುಳನ್ನು ತಳ್ಳಿಹಾಕಲಾಗದು: ಆಯುಸ್ಸು ಹಣೆಬರಹವಲ್ಲ. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗು ಕಾಲಿಟ್ಟಾಗ ಜನ ಮನೆಗಳನ್ನು ತೊರೆದು ಬಯಲಿನ ಗುಡಿಸಲು ಸೇರಿದರು. 1941-51ರ ದಶಕದಲ್ಲಿ ಕೂಡ ಭಾರತೀಯರ ಸರಾಸರಿ ಆಯುಸ್ಸು ಸುಮಾರು 32 ವರ್ಷ. ಇಂದು ಅದು 70ರ ಆಸುಪಾಸಿನಲ್ಲಿದೆ. ಇಷ್ಟು ದೂರ ಬಂದವರು ಇಲ್ಲಿಗೇ ನಿಲ್ಲಬೇಕೆಂದು ಯಾರು ಹೇಳಿಯಾರು?

ಆದರೆ ಎಂಥ ಆಯುಸ್ಸು? ಹದಿನೈದನೆಯ ಶತಮಾನದ ಚಾಮರಸನು ‘ಪ್ರಭುಲಿಂಗಲೀಲೆ’ಯಲ್ಲಿ ಗೋರಕ್ಷನ ಕಥೆ ಹೇಳಿದ್ದಾನೆ. ಗೋರಕ್ಷನದು ವಜ್ರಕಾಯ, ಅಲ್ಲಮನು ಹೊಡೆದ ಕತ್ತಿ ಖಣಿಲೆಂದಿತು. ಗೋರಕ್ಷನ ಹೊಡೆತವಾದರೋ ಅಲ್ಲಮನ ದೇಹದಲ್ಲಿ ಬಯಲನ್ನು ಹಾಯ್ದಂತೆ ಹಾಯಿತು. ಗಟ್ಟಿಯಾದ ಮಾತ್ರಕ್ಕೆ ಸಿದ್ಧಿಯಲ್ಲವೆಂದು ಗೋರಕ್ಷನಿಗೆ ಆಗ ಅರಿವಾಯಿತು.

ಈ ಕಥೆಯ ಕಹಿಯಾದ ಅಣಕವನ್ನು ಕಾಣಲು ಸಿದ್ಧರಬೆಟ್ಟದಿಂದ ಬಹಳ ದೂರ ಹೋಗಬೇಕಿಲ್ಲ. ಅದೇ ತುಮಕೂರು ಜಿಲ್ಲೆಯ ಪಾವಗಡದ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದೆ. ಅಂಥ ನೀರನ್ನು ವರ್ಷಾನುಗಟ್ಟಲೆ ಕುಡಿದವರ ಹಲ್ಲು ಕಂದಾಗುತ್ತದೆ. ಮೂಳೆ ದಪ್ಪವಾಗಿ ಬಿರುಸಾಗುತ್ತದೆ, ಕೀಲುಗಳು ಬಿಗಿಯುತ್ತವೆ, ಬೆನ್ನು ಬಾಗುತ್ತದೆ. ಇದೂ ಒಂದು ವಜ್ರಕಾಯವೇ; ಆದರೆ ನಡುವಯಸ್ಸಿನಲ್ಲೇ ಮುಪ್ಪನ್ನು ತಂದಿಡುವ ವಜ್ರಕಾಯ.

ಚಿರಾಯುಸ್ಸಿನ ಹಂಬಲವನ್ನು ನಾನು ಅಲ್ಲಗಳೆಯುವವನಲ್ಲ. ಮಕ್ಕಳು ಕಾಲಿಗೆರಗಿದಾಗ ನೂರು ವರ್ಷ ಬಾಳಿರೆಂದು ಹರಸುವವರು ನಾವು. ಆದರೆ ಆ ಹರಕೆ ಬಾಯಿಮಾತಾಗಬಾರದಾದರೆ, ಆಯುಸ್ಸನ್ನು ಬೆಳೆಸುವ ವಿದ್ಯೆ ಮೊದಲು ಪಾವಗಡದ ಮಗುವಿನ ಕೈಯಲ್ಲಿರುವ ನೀರಿನ ಲೋಟವನ್ನು ಮುಟ್ಟಲಿ. ಶೀತದ ಪೆಟ್ಟಿಗೆಯ ಮಾತು ಆಮೇಲೆ ಆಗಬಹುದು.