ಒಂದೆಲಗ

ತೇವದ ನೆಲದಲ್ಲಿ ಗರಿಕೆಯೊಡನೆ ಹಬ್ಬಿ, ಗಿಣ್ಣುಗಿಣ್ಣಿಗೂ ಬೇರಿಳಿಸಿ, ನೀಳವಾದ ಒಂದೊಂದು ತೊಟ್ಟಿನ ತುದಿಯಲ್ಲಿ ದುಂಡನೆಯ ಒಂದೊಂದೇ ಎಲೆಯನ್ನು ಎತ್ತಿ ಹಿಡಿಯುವ ಬಹುವಾರ್ಷಿಕ ಮೂಲಿಕೆ. ತುಳುನಾಡಿನಲ್ಲಿ ಇದು ತಿಮರೆ, ಸಂಸ್ಕೃತ ವೈದ್ಯಗ್ರಂಥಗಳಲ್ಲಿ ಮಂಡೂಕಪರ್ಣಿ. ಮಲೆನಾಡಿನ ಜೌಗಿನಲ್ಲಿ ಸಹಜವಾಗಿ ಬೆಳೆಯುವ ಈ ಸೊಪ್ಪು, ಭದ್ರಾ ನಾಲೆಯ ನೀರುಣ್ಣುವ ದಾವಣಗೆರೆ, ಹರಿಹರಗಳ ಗದ್ದೆಬದುಗಳಂತಹ ನೆಲಕ್ಕೂ ಒಗ್ಗತಕ್ಕದ್ದು. ಪಟ್ಟಣದ ಬಡಾವಣೆಯ ಮನೆಯಲ್ಲಿಯೂ, ಪಾತ್ರೆ ತೊಳೆದ ನೀರು ಹರಿಯುವೆಡೆ ಒಂದು ಬಳ್ಳಿಯನ್ನು ಊರಿದರೆ ಸಾಕು, ತಾನಾಗಿ ಹಬ್ಬುತ್ತದೆ.

ಚರಕಸಂಹಿತೆಯ ಚಿಕಿತ್ಸಾಸ್ಥಾನವು ಹೇಳುವ ನಾಲ್ಕು ಮೇಧ್ಯರಸಾಯನಗಳಲ್ಲಿ, ಎಂದರೆ ಬುದ್ಧಿಯನ್ನು ಪೋಷಿಸುವ ಔಷಧಗಳಲ್ಲಿ, ಮಂಡೂಕಪರ್ಣಿಯ ಸ್ವರಸವೇ ಮೊದಲನೆಯದು. ಹಾಲಿನೊಡನೆ ಸೇವಿಸುವ ಯಷ್ಟಿಮಧುವಿನ ಚೂರ್ಣ, ಅಮೃತಬಳ್ಳಿಯ ರಸ, ಶಂಖಪುಷ್ಪಿಯ ಕಲ್ಕ ಇವು ಉಳಿದವು. ಕಾಲಾಂತರದಲ್ಲಿ ಬ್ರಾಹ್ಮಿಯೆಂಬ ಹೆಸರು ಇದಕ್ಕೂ, ಬೇರೊಂದು ಕುಟುಂಬಕ್ಕೆ ಸೇರಿದ ನೀರುಬ್ರಾಹ್ಮಿಗೂ ಸಮನಾಗಿ ಸಂದುದರಿಂದ ಒಂದರ ಗುಣವನ್ನು ಮತ್ತೊಂದಕ್ಕೆ ಆರೋಪಿಸುವ ವಾಡಿಕೆ ಬೆಳೆಯಿತು. ಇಂದಿನ ಜಾಹೀರಾತುಗಳಲ್ಲಿಯೂ ಅದು ನಿಂತಿಲ್ಲವೆಂಬುದು ಖೇದಕರ.

ಪಾಶ್ಚಾತ್ಯ ಸಸ್ಯಶಾಸ್ತ್ರದಲ್ಲಿ ಲಿನ್ನೇಯಸ್ 1753ರಲ್ಲಿ ಇದನ್ನು ಹೈಡ್ರೊಕೊಟೈಲ್ ಕುಲಕ್ಕೆ ಸೇರಿಸಿದನು. 1879ರಲ್ಲಿ ಉರ್ಬನ್ ಎಂಬ ಸಸ್ಯಶಾಸ್ತ್ರಜ್ಞನು ಇದಕ್ಕೆ ಸೆಂಟೆಲ್ಲಾ ಏಷಿಯಾಟಿಕಾ ಎಂದು ಮರುನಾಮಕರಣ ಮಾಡಿದನು. 1941ರಲ್ಲಿ ಬೊಂತೆಮ್ಸ್ ಎಂಬ ಸಂಶೋಧಕನು ಇದರಿಂದ ಏಷಿಯಾಟಿಕೊಸೈಡನ್ನು ಪ್ರತ್ಯೇಕಿಸಿದುದೇ ನಿಜವಾದ ತಿರುವು. ಏಷಿಯಾಟಿಕೊಸೈಡ್ ಸೇರಿದ ಟ್ರೈಟರ್ಪೀನ್ ವರ್ಗದ ದ್ರವ್ಯಗಳು ಗಾಯ ಮಾಯುವಲ್ಲಿ ಕೊಲಾಜೆನ್ ಉತ್ಪತ್ತಿಯನ್ನು ಪ್ರಚೋದಿಸುವುವೆಂದು ತಿಳಿದ ಬಳಿಕ, ಸಿರೆಗಳ ದೌರ್ಬಲ್ಯದಿಂದ ಕಾಲು ಊದಿಕೊಳ್ಳುವ ರೋಗಿಗಳಿಗೆ ಈ ಸೊಪ್ಪಿನ ಸಾರವನ್ನು ಕೊಟ್ಟು, ಸೂಕ್ಷ್ಮರಕ್ತನಾಳಗಳಿಂದ ದ್ರವ ಸೋರುವಿಕೆಯು ತಗ್ಗುವುದನ್ನು ಇಟಲಿಯ ವೈದ್ಯರು ಅಳೆದು ತೋರಿಸಿದರು. ಹೀಗೆ, ಬುದ್ಧಿಗೆಂದು ಪ್ರಸಿದ್ಧವಾದ ಸೊಪ್ಪು ಆಧುನಿಕ ವೈದ್ಯದಲ್ಲಿ ಮೊದಲು ಮನ್ನಣೆ ಪಡೆದುದು ಚರ್ಮ ಮತ್ತು ರಕ್ತನಾಳಗಳ ಮೂಲಕ.

ಮಿದುಳಿನ ವಿಷಯದಲ್ಲಿ ಗಮನಾರ್ಹ ಕೆಲಸವು ನಮ್ಮ ನಾಡಿನಲ್ಲಿಯೇ ನಡೆಯಿತು. ಈ ಶತಮಾನದ ಮೊದಲ ದಶಕದಲ್ಲಿ ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಅಂಗರಚನಾಶಾಸ್ತ್ರಜ್ಞರು, ಬೆಳೆಯುವ ವಯಸ್ಸಿನ ಇಲಿಗಳಿಗೆ ಹಸಿ ಎಲೆಯ ರಸವನ್ನು ಕುಡಿಸಿ, ನೆನಪಿಗೆ ಆಧಾರವಾದ ಹಿಪ್ಪೊಕ್ಯಾಂಪಸ್ ಭಾಗದ ನರಕೋಶಗಳನ್ನು ಸೂಕ್ಷ್ಮದರ್ಶಕದಡಿ ಪರಿಶೀಲಿಸಿದಾಗ, ರಸ ಕುಡಿಯದ ಇಲಿಗಳಲ್ಲಿರುವುದಕ್ಕಿಂತ ಆ ಕೋಶಗಳ ಕವಲುಗಳು ಹೆಚ್ಚು ನೀಳವಾಗಿಯೂ ದಟ್ಟವಾಗಿಯೂ ಇದ್ದುವು. ಆದರೆ ಇಲಿಯ ನರಕೋಶದಿಂದ ಮನುಷ್ಯನ ಬುದ್ಧಿಗೆ ನೇರವಾಗಿ ನೆಗೆಯಲಾಗದು. ಮನುಷ್ಯರ ಮೇಲಿನ ಪರೀಕ್ಷೆಗಳು ಸಣ್ಣವು, ಅವುಗಳ ಫಲ ಏಕಪ್ರಕಾರವಾಗಿಲ್ಲ. ಪರೀಕ್ಷೆ ಬರೆಯುವ ಮಕ್ಕಳಿಗೆ ಇದರ ಮಾತ್ರೆಯಿಂದ ಸ್ಮರಣಶಕ್ತಿಯ ಭರವಸೆ ಕೊಡುವವರು ಈ ಅಂತರವನ್ನು ಮರೆಯಬಾರದು.

ಅಡುಗೆಮನೆಯಲ್ಲಿ ಇದರ ಸ್ಥಾನವು ನಿರ್ವಿವಾದವಾದದ್ದು. ತುಪ್ಪದಲ್ಲಿ ಜೀರಿಗೆ, ಕಾಳುಮೆಣಸು ಹುರಿದು, ತೊಳೆದ ಎಲೆಗಳನ್ನು ಅದರಲ್ಲಿಯೇ ಬಾಡಿಸಿ, ಕಾಯಿತುರಿಯೊಡನೆ ನುಣ್ಣಗೆ ರುಬ್ಬಿ, ಮಜ್ಜಿಗೆಯಲ್ಲಿ ಕದಡಿ ಒಗ್ಗರಿಸಿದರೆ ತಂಬುಳಿ ಸಿದ್ಧ; ಅದನ್ನು ಕುದಿಸುವುದಿಲ್ಲ. ಕೊಳಚೆಯಂಚಿನಲ್ಲಿ ಬೆಳೆದುದನ್ನು ಕೊಯ್ಯಬಾರದು. ತಂಬುಳಿಯಲ್ಲಿ ಸೇರುವ ಹಿಡಿಸೊಪ್ಪು ಆಹಾರವೇ ಹೊರತು ಔಷಧಪ್ರಮಾಣವಲ್ಲ; ಸಾಂದ್ರಸಾರದ ಮಾತ್ರೆಗಳನ್ನು ವಾರಗಟ್ಟಲೆ ಸೇವಿಸಿದ ಕೆಲವರಲ್ಲಿ ಯಕೃತ್ತಿನ ಉರಿಯೂತ ಕಾಣಿಸಿಕೊಂಡು, ಸೇವನೆ ನಿಲ್ಲಿಸಿದ ಮೇಲೆ ಶಮನವಾದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ.