ಸಾಲದ ತಗಾದೆಯ ಪೂರ್ವೋತ್ತರ

ಸಾಲಗಾರನೆಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಮುಖಗಳುಂಟು. ‘ಆತನು ದೊಡ್ಡ ಸಾಲಗಾರ’ ಎಂದರೆ ಸಾಲ ಮಾಡಿ ಮುಳುಗಿದವನೆಂದು ತಾತ್ಪರ್ಯ. ‘ಸಾಲಗಾರರ ಕಾಟ ತಾಳಲಾರದೆ ಊರು ಬಿಟ್ಟನು’ ಎಂದರೆ ಸಾಲ ಕೊಟ್ಟವರ ಕಾಟವೆಂದು ತಾತ್ಪರ್ಯ. ಸಂಸ್ಕೃತವು ಕೊಟ್ಟವನನ್ನು ಉತ್ತಮರ್ಣನೆಂದೂ ಕೊಂಡವನನ್ನು ಅಧಮರ್ಣನೆಂದೂ ಕರೆದು ಮೇಲುಕೀಳನ್ನು ಹೆಸರಿನಲ್ಲಿಯೇ ನಿಶ್ಚಯಿಸಿಬಿಟ್ಟಿತು. ಕನ್ನಡದ ಆಡುನುಡಿಯು ಇಬ್ಬರನ್ನೂ ಒಂದೇ ನೊಗಕ್ಕೆ ಹೂಡಿದುದು ವಿಚಾರಾರ್ಹವಾಗಿದೆ. ಹಿಂದಿನ ಕಾಲದ ತಗಾದೆಯ ರೀತಿಗಳಲ್ಲಿ ಕೆಲವೊಂದರಲ್ಲಿಯಾದರೂ ಕೇಳುವವನು ಕೇಳಿಸಿಕೊಳ್ಳುವವನ ಸಂಕಟದಲ್ಲಿ ಪಾಲುಗೊಳ್ಳಲೇಬೇಕಾಗಿದ್ದಿತು. ಕ್ರೆಡಿಟ್ ಕಾರ್ಡಿನ ಬಾಕಿಗಾಗಿ ವಸೂಲಿ ಸಂಸ್ಥೆಗಳ ಕರೆಗಳನ್ನು ಎದುರಿಸುತ್ತಿರುವ ಇಂದಿನ ಗೃಹಸ್ಥನ ಪಾಡು ಎಲ್ಲಿ ಹಳೆಯದು, ಎಲ್ಲಿ ಹೊಸದು ಎಂಬುದು ಈ ವೃತ್ತಾಂತದಿಂದ ಸ್ವಲ್ಪಮಟ್ಟಿಗೆ ತಿಳಿದೀತು.

ಮನುಸ್ಮೃತಿಯ ಎಂಟನೆಯ ಅಧ್ಯಾಯವು ಸಾಲದ ವಸೂಲಿಗೆ ಐದು ಉಪಾಯಗಳನ್ನು ಹೇಳುತ್ತದೆ: ಧರ್ಮ, ವ್ಯವಹಾರ, ಛಲ, ಆಚರಿತ, ಬಲ. ಬೃಹಸ್ಪತಿಯು ಇವುಗಳನ್ನು ಬಿಡಿಸಿ ವಿವರಿಸಿದ್ದಾನೆ. ಬಂಧುಮಿತ್ರರಿಂದ ಹೇಳಿಸಿ ಒಪ್ಪಿಸುವುದು ಧರ್ಮ. ನೆಪ ಹೂಡಿ ಒಡವೆಯನ್ನು ಎರವಲು ತಂದು ಹಿಂದಕ್ಕೆ ಕೊಡದಿರುವುದು ಛಲ. ಹೆಂಡತಿ ಮಕ್ಕಳು ದನಕರುಗಳನ್ನು ತಡೆದು ಮನೆಯ ಬಾಗಿಲಲ್ಲಿ ಕುಳಿತುಬಿಡುವುದು ಆಚರಿತ. ಕಟ್ಟಿ ತಂದು ಹೊಡೆಯುವುದು ಬಲ. ನ್ಯಾಯಸ್ಥಾನಕ್ಕೆ ಹೋಗುವುದು ಈ ಐದರಲ್ಲಿ ಒಂದು ಮಾತ್ರ! ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (೧೦೭೬–೧೧೨೬) ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯಸ್ಮೃತಿಯೂ ಇದೇ ಜಾಡಿನದು. ಒಪ್ಪಿಕೊಂಡ ಸಾಲವನ್ನು ಧನಿಕನು ತಾನಾಗಿಯೇ ವಸೂಲು ಮಾಡುತ್ತಿದ್ದರೆ ಅರಸನು ಆಕ್ಷೇಪಿಸಕೂಡದು. ಪೀಡೆಗೊಳಗಾದ ಋಣಿಯು ಅರಸನಲ್ಲಿ ಮೊರೆಯಿಟ್ಟರೆ ಅವನಿಗೇ ದಂಡ, ಅದರ ಮೇಲೆ ಸಾಲವನ್ನೂ ತೆರಿಸತಕ್ಕದ್ದು. ಶಾಸ್ತ್ರದ ತಕ್ಕಡಿಯು ಯಾರ ಕಡೆಗೆ ವಾಲಿದ್ದಿತೆಂದು ಬೇರೆ ಹೇಳಬೇಕಾದುದಿಲ್ಲ.

ಆದರೂ ಆ ಶಾಸ್ತ್ರವೇ ಒಂದು ಗಟ್ಟಿಯಾದ ಕಟ್ಟೆಯನ್ನು ಹಾಕಿದ್ದಿತು. ನಗದು ಸಾಲದ ಬಡ್ಡಿಯು ಒಮ್ಮೆಗೆ ಅಸಲನ್ನು ಮೀರಿ ಬೆಳೆಯಲಾಗದು, ಎರಡರಷ್ಟಾದೊಡನೆ ನಿಂತುಬಿಡಬೇಕು. ಮುಂದೆ ದಾಮದುಪ್ಪಟ್ಟೆಂದು ಹೆಸರಾದ ಈ ನಿಯಮವನ್ನು ಬ್ರಿಟಿಷರ ನ್ಯಾಯಾಲಯಗಳು ಕೂಡ ಮುಂಬಯಿ ಪ್ರಾಂತದ ಹಿಂದೂ ಋಣಿಗಳ ಪಕ್ಷದಲ್ಲಿ ಮನ್ನಿಸುತ್ತಿದ್ದವು.

ಗ್ರಂಥವನ್ನು ಬಿಟ್ಟು ಬೀದಿಗಿಳಿದರೆ ಬೇರೊಂದು ದೃಶ್ಯವು ಕಾಣುತ್ತದೆ. ಹದಿಮೂರನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಗೆ ಬಂದಿದ್ದ ವೆನಿಸ್ಸಿನ ಮಾರ್ಕೊ ಪೋಲೊ, ಅಲ್ಲಿನ ಒಂದು ಪದ್ಧತಿಯನ್ನು ಬೆರಗಿನಿಂದ ವರ್ಣಿಸಿದ್ದಾನೆ. ಪದೇ ಪದೇ ಕೇಳಿದರೂ ಇಂದು ನಾಳೆ ಎನ್ನುವ ಋಣಿಯ ಸುತ್ತ ಸಾಲಿಗನು ನೆಲದ ಮೇಲೆ ಒಂದು ಗೆರೆಯನ್ನೆಳೆದನೆಂದರೆ ಮುಗಿಯಿತು. ಹಣವನ್ನು ಸಲ್ಲಿಸುವವರೆಗೆ, ಇಲ್ಲವೆ ಹೊಣೆಯನ್ನು ಕೊಡುವವರೆಗೆ, ಆತನು ಅದನ್ನು ದಾಟುವಂತಿಲ್ಲ. ದಾಟಿದರೆ ಮರಣದಂಡನೆ. ಒಮ್ಮೆ ಅರಸನೇ ಒಬ್ಬ ಪರದೇಶದ ವರ್ತಕನಿಗೆ ಬಾಕಿದಾರನಾಗಿದ್ದು, ಕುದುರೆಯೇರಿ ಹೊರಟಾಗ ಆ ವರ್ತಕನು ಕುದುರೆಸಹಿತವಾಗಿ ಅವನನ್ನು ಗೆರೆಯಿಂದ ಸುತ್ತುಗಟ್ಟಿದನಂತೆ. ಅರಸನು ಲಗಾಮನ್ನೆಳೆದು, ವರ್ತಕನಿಗೆ ಸಮಾಧಾನವಾಗುವವರೆಗೂ ಅಲ್ಲಿಂದ ಕದಲಲಿಲ್ಲವಂತೆ. ಇದನ್ನು ಕಣ್ಣಾರೆ ಕಂಡೆನೆಂದು ಪೋಲೊ ಹೇಳುತ್ತಾನೆ. ಅವನ ಮಾತಿನಲ್ಲಿ ಅತಿಶಯೋಕ್ತಿಗೆ ಬರವಿಲ್ಲ. ಆದರೆ ಹದಿನಾರನೆಯ ಶತಮಾನದ ಆದಿಯಲ್ಲಿ ಕಲ್ಲಿಕೋಟೆಯನ್ನು ಕಂಡ ಇಟಲಿಯ ವರ್ತೇಮನೂ ಇಂಥದೇ ಗೆರೆಯನ್ನು ಹೇಳಿರುವುದರಿಂದ ಪದ್ಧತಿಯಿದ್ದುದೇನೋ ನಿಜವೆನ್ನಬೇಕು.

ಬಾಗಿಲಲ್ಲಿ ಕುಳಿತುಕೊಳ್ಳುವ ಆಚರಿತವೇ ಮುಂದೆ ಧರಣಿಯೆಂದು ಪ್ರಸಿದ್ಧವಾಯಿತು. ಗವರ್ನರ್ ಜನರಲ್ ಆಗಿದ್ದ ಜಾನ್ ಶೋರ್ ಕಾಶಿಯ ಕಡೆಯ ಧರಣಿಯನ್ನು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ವಿವರವಾಗಿ ಬರೆದಿಟ್ಟಿದ್ದಾನೆ. ಹಣ ಬರಬೇಕಾದ ಬ್ರಾಹ್ಮಣನು ವಿಷವನ್ನೋ ಕಠಾರಿಯನ್ನೋ ಕೈಯಲ್ಲಿ ಹಿಡಿದು ಋಣಿಯ ಹೊಸ್ತಿಲಲ್ಲಿ ಕುಳಿತು ಉಪವಾಸವನ್ನಾರಂಭಿಸುವನು. ಬಲಾತ್ಕಾರದಿಂದ ದಾಟಿಹೋದರೆ ಪ್ರಾಣ ಬಿಡುವೆನೆಂಬ ಬೆದರಿಕೆ, ಬ್ರಹ್ಮಹತ್ಯೆಯ ಭಯ. ಒಳಗಿರುವವನೂ ಮರ್ಯಾದೆಗಾಗಿ ಉಪವಾಸವಿರತಕ್ಕದ್ದು. ಹೊಸ್ತಿಲ ಎರಡು ಕಡೆಯಲ್ಲಿ ಎರಡು ಹಸಿದ ಹೊಟ್ಟೆಗಳು, ಯಾವುದು ಮೊದಲು ಸೋಲುವುದೆಂದು ಕಾಯುತ್ತಿರುವ ಕೇರಿ! ಕ್ರೂರವಾದ ಪದ್ಧತಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹಟ ಹಿಡಿದವನು ತನ್ನ ದೇಹವನ್ನು ಪಣವಾಗಿಡದೆ ಆಟಕ್ಕಿಳಿಯುವಂತಿರಲಿಲ್ಲ. ಗುಜರಾತಿನಲ್ಲಿ ಇತರರ ಸಾಲಕ್ಕೆ ಹೊಣೆ ನಿಲ್ಲುತ್ತಿದ್ದ ಚಾರಣರು ಕೂಡ, ಮಾತು ತಪ್ಪಿದವನ ಎದುರಿಗೆ ತಮ್ಮ ಮೈಯನ್ನೇ ಗಾಯಪಡಿಸಿಕೊಳ್ಳುತ್ತಿದ್ದರು.

ಕಂಪನಿ ಸರಕಾರವು ೧೭೯೫ರಲ್ಲಿ ಕಾಶಿ ಪ್ರಾಂತಕ್ಕೆ ನಿರ್ಬಂಧವನ್ನು ವಿಧಿಸಿತು. ೧೮೬೦ರ ಭಾರತೀಯ ದಂಡಸಂಹಿತೆಯ ೫೦೮ನೆಯ ಕಲಮು, ದೈವಕೋಪದ ಭಯವನ್ನು ಹುಟ್ಟಿಸಿ ಬಲವಂತ ಮಾಡುವುದನ್ನು ಅಪರಾಧವೆಂದು ಸಾರುತ್ತ, ಮನೆಬಾಗಿಲ ಧರಣಿಯನ್ನೇ ಉದಾಹರಣೆಯಾಗಿ ಕೊಟ್ಟಿತು. ಸಾಲಿಗನ ಕೈಬಿಟ್ಟ ಆ ಶಬ್ದವನ್ನು ಮುಂದೆ ರೈತರೂ ಕಾರ್ಮಿಕರೂ ಎತ್ತಿಕೊಂಡುದು ಇನ್ನೊಂದು ಕಥೆ.

ಹೊಸ್ತಿಲಿನಿಂದೆದ್ದ ಸಾಲಿಗನು ಕೋರ್ಟಿನ ಮೆಟ್ಟಲೇರಿದನು. ಸಾಹುಕಾರನ ಕೈಯಲ್ಲಿ ಡಿಕ್ರಿಯೆಂಬುದು ಹಳೆಯ ಐದು ಉಪಾಯಗಳಿಗಿಂತಲೂ ಹರಿತವಾದ ಆಯುಧವಾಯಿತು. ಭೂಮಿ ಮನೆ ಹೋದುವು, ಋಣಿಯು ಸೆರೆಗೂ ಹೋಗಬೇಕಾಯಿತು. ೧೮೭೫ನೆಯ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಮುಖ್ಯವಾಗಿ ಹುಡುಕಿದುದು ಚಿನ್ನವನ್ನಲ್ಲ, ಸಾಲಪತ್ರಗಳನ್ನು. ಅವುಗಳನ್ನು ರಾಶಿ ಹಾಕಿ ಸುಟ್ಟರು. ವಿಚಾರಣಾ ಸಮಿತಿ ಕುಳಿತು, ೧೮೭೯ರಲ್ಲಿ ದಖ್ಖನದ ರೈತರ ಪರಿಹಾರ ಕಾಯಿದೆ ಹೊರಟಿತು. ಹಣದ ಡಿಕ್ರಿಗಾಗಿ ರೈತನನ್ನು ಸೆರೆಯಲ್ಲಿಡುವುದನ್ನು ಅದು ನಿಲ್ಲಿಸಿತು.

೧೯೦೮ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಎರಡು ಸಣ್ಣ ಮಾತುಗಳಿವೆ. ವಕೀಲರ ಹೊರತು ಅವುಗಳನ್ನು ಗಮನಿಸುವವರು ವಿರಳ. ಋಣಿಯನ್ನು ಹಿಡಿಯಲು ಹೋಗುವ ಅಮೀನನು ಸೂರ್ಯಾಸ್ತದ ನಂತರ, ಸೂರ್ಯೋದಯಕ್ಕೆ ಮುಂಚೆ, ವಾಸದ ಮನೆಯನ್ನು ಹೊಗಲಾಗದು. ಸೆರೆಯಲ್ಲಿರುವ ಋಣಿಯ ಊಟದ ವೆಚ್ಚವನ್ನು ಸಾಲಿಗನೇ ತೆರತಕ್ಕದ್ದು. ತೆರದಿದ್ದರೆ ಋಣಿಗೆ ಬಿಡುಗಡೆ. ಕೇಳುವವನ ಮೇಲೆ ಕೊಂಚವಾದರೂ ಭಾರ ಬೀಳಬೇಕೆಂಬ ಹಳೆಯ ನ್ಯಾಯವು ಇಲ್ಲಿಯೂ ಉಸಿರಾಡುತ್ತಿದೆ. ೧೯೩೬ರ ತಿದ್ದುಪಡಿಯು ಋಣಿಯನ್ನು ಸೆರೆಗೆ ಹಾಕುವುದನ್ನು ಇನ್ನಷ್ಟು ಮಿತಗೊಳಿಸಿತು. ೧೯೮೦ರಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೃಷ್ಣ ಅಯ್ಯರ್, ಕೊಡಲಾರದಿರುವುದು ಬೇರೆ, ಕೊಡಲೊಲ್ಲದಿರುವುದು ಬೇರೆಯೆಂದು ಎಣಿಸಿ, ದುರ್ಬುದ್ಧಿಯಿಲ್ಲದ ಬರಿಯ ಬಡತನಕ್ಕೆ ಸೆರೆಯಿಲ್ಲವೆಂದು ತೀರ್ಪಿತ್ತರು.

ಆ ದಶಕದಲ್ಲಿಯೇ ಭಾರತದ ಬ್ಯಾಂಕುಗಳು ಕ್ರೆಡಿಟ್ ಕಾರ್ಡನ್ನು ಹಂಚತೊಡಗಿದುವು. ಈ ಸಾಲಕ್ಕೆ ಅಡವಿಲ್ಲ, ಹೊಣೆಗಾರನಿಲ್ಲ, ಕೇಳಿಕೊಳ್ಳುವ ಸಂಕೋಚವೂ ಇಲ್ಲ. ತಿಂಗಳ ಬಾಕಿಯಲ್ಲಿ ಅಲ್ಪಾಂಶವನ್ನು ಕಟ್ಟಿ ಉಳಿದುದನ್ನು ಮುಂದೂಡಿದರೆ ತಿಂಗಳಿಗೆ ನೂರಕ್ಕೆ ಮೂರನ್ನು ಮೀರುವ ಬಡ್ಡಿ ಅಪರೂಪವಲ್ಲ. ವಾರ್ಷಿಕ ಮೂವತ್ತಕ್ಕಿಂತ ಹೆಚ್ಚಿನ ಬಡ್ಡಿ ಅನ್ಯಾಯವೆಂದು ರಾಷ್ಟ್ರೀಯ ಗ್ರಾಹಕ ಆಯೋಗವು ೨೦೦೮ರಲ್ಲಿ ಹೇಳಿದ್ದಿತು; ಸರ್ವೋಚ್ಚ ನ್ಯಾಯಾಲಯವು ೨೦೨೪ರ ಡಿಸೆಂಬರಿನಲ್ಲಿ ಆ ತೀರ್ಪನ್ನು ರದ್ದುಗೊಳಿಸಿತು. ದಾಮದುಪ್ಪಟ್ಟಿನ ಕಟ್ಟೆ ಇಲ್ಲಿಗೆ ತಲಪುವುದಿಲ್ಲ.

ಬಾಕಿ ಬೆಳೆದ ಮೇಲೆ ಕೇಳಲು ಬರುವವನು ಸಾಲ ಕೊಟ್ಟವನಲ್ಲ. ವಸೂಲಾದ ಹಣದಲ್ಲಿ ಪಾಲು ಪಡೆಯುವ ಸಂಸ್ಥೆಯೊಂದರ ಸಂಬಳದಾಳು. ಆತನು ಹಸಿಯಬೇಕಾದುದಿಲ್ಲ, ಬಿಸಿಲಲ್ಲಿ ಕೂರಬೇಕಾದುದಿಲ್ಲ, ತನ್ನ ನಿಜವಾದ ಹೆಸರನ್ನು ಹೇಳದೆಯೂ ಕೆಲಸ ಸಾಗಿಸಬಲ್ಲನು. ಧರಣಿಯಿಂದ ಆತನು ಉಳಿಸಿಕೊಂಡುದು ಒಂದೇ, ನೆರೆಹೊರೆಯ ಕಣ್ಣು. ಕಚೇರಿಯ ಮೇಲಧಿಕಾರಿಗೆ ಒಂದು ಕರೆ, ಹೆಣ್ಣು ಕೊಟ್ಟ ಮಾವನಿಗೆ ಇನ್ನೊಂದು. ಗೆರೆಯು ಊರೆಲ್ಲ ಸುತ್ತಿಬರುತ್ತದೆ. ೨೦೦೭ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೋಳ್ಬಲದವರನ್ನು ನೇಮಿಸಿ ವಸೂಲು ಮಾಡುವ ಬ್ಯಾಂಕಿನ ನಡತೆಯನ್ನು ಕಟುವಾಗಿ ಖಂಡಿಸಿತು. ಮರುವರ್ಷದ ಏಪ್ರಿಲಿನಲ್ಲಿ ರಿಸರ್ವ್ ಬ್ಯಾಂಕು ಏಜಂಟರ ನೇಮಕಕ್ಕೂ ತರಬೇತಿಗೂ ನಿಯಮಗಳನ್ನು ಹೊರಡಿಸಿತು. ೨೦೨೨ರ ಆಗಸ್ಟ್ ೧೨ರ ಅದರ ಸುತ್ತೋಲೆಯು, ಬೆಳಗಿನ ೮ ಗಂಟೆಗೆ ಮೊದಲು, ಸಂಜೆಯ ೭ ಗಂಟೆಯ ಮೇಲೆ ಬಾಕಿಗಾಗಿ ಕರೆಮಾಡಕೂಡದು, ಋಣಿಯನ್ನು ಹತ್ತು ಜನರೆದುರು ಅವಮಾನಿಸಕೂಡದು, ಬಂಧುಮಿತ್ರರನ್ನು ಪೀಡಿಸಕೂಡದು ಎಂದು ವಿಧಿಸಿತು. ೧೯೦೮ರ ಅಮೀನನ ಸೂರ್ಯಾಸ್ತವೇ ದೂರವಾಣಿಗೂ ಬಂದಿತೆನ್ನಬೇಕು.

ಅದಕ್ಕೂ ಮುಂಚೆ, ೨೦೨೧ರ ನವೆಂಬರಿನಲ್ಲಿ, ರಿಸರ್ವ್ ಬ್ಯಾಂಕಿನ ಸಮಗ್ರ ಓಂಬುಡ್ಸ್‌ಮನ್ ಯೋಜನೆಯು ಆರಂಭವಾಗಿದ್ದಿತು. ಬ್ಯಾಂಕಿಗೆ ದೂರಿತ್ತು ಮೂವತ್ತು ದಿನ ಕಳೆದರೂ ಉತ್ತರ ಕಾಣದ ಗಿರಾಕಿಯು ಅಲ್ಲಿ ಮೊರೆಯಿಡಬಹುದೆಂದಾಯಿತು. ಯಾಜ್ಞವಲ್ಕ್ಯನು ಅರಸನಲ್ಲಿಗೆ ಹೋದ ಋಣಿಗೆ ದಂಡವನ್ನು ಹೇಳಿದ್ದನು. ಈ ಮೊರೆಗೆ ಶುಲ್ಕವನ್ನು ಕೂಡ ಇಡಲಿಲ್ಲ.