ಕದ್ದ ಅನಿಲದ ದಾರಿ: ಅರೆಸ್ವಯಂಚಾಲಿತ ರೈಫಲ್‌ಗಳಲ್ಲಿ ಪಿಸ್ಟನ್ ಮತ್ತು ನೇರ ಅನಿಲ ಪದ್ಧತಿಗಳ ಚರಿತ್ರೆ

ತೋಟೆ ಸಿಡಿದಾಗ ಗುಂಡನ್ನು ಮುಂದಕ್ಕೆ ನೂಕುವ ಬಿಸಿ ಅನಿಲದಲ್ಲಿ ಒಂದು ಪಾಲನ್ನು ನಳಿಕೆಯ ಸಣ್ಣ ತೂತಿನಿಂದ ಕದ್ದು, ಅದರ ಬಲದಿಂದಲೇ ಖಾಲಿ ತೋಟೆಯನ್ನು ಹೊರಗೆಸೆದು ಹೊಸದನ್ನು ತುಂಬಿಸಿಕೊಳ್ಳುವುದು ಅನಿಲ ಚಾಲಿತ ರೈಫಲ್‌ನ ಮೂಲ ಉಪಾಯ. ಕದ್ದ ಅನಿಲವನ್ನು ಎಲ್ಲಿಗೆ ಕಳಿಸಬೇಕು ಎಂಬಲ್ಲಿ ವಿನ್ಯಾಸಕಾರರು ಬೇರೆಯಾಗುತ್ತಾರೆ. ಕೆಲವರು ಅದನ್ನು ನಳಿಕೆಯ ಬಳಿಯೇ ತಡೆದು ಒಂದು ಪಿಸ್ಟನ್ನನ್ನು ತಳ್ಳಲು ಬಿಡುತ್ತಾರೆ. ಇನ್ನು ಕೆಲವರು ತೆಳುವಾದ ಕೊಳವೆಯೊಂದರ ಮೂಲಕ ಹಿಂದಕ್ಕೆ ತಂದು, ತೋಟೆಯ ಹಿಂಬದಿಯನ್ನು ಮುಚ್ಚುವ ಬೋಲ್ಟನ್ನು ಹೊತ್ತ ಕ್ಯಾರಿಯರ್‌ಗೇ ತಾಗಿಸುತ್ತಾರೆ. ಎರಡನೆಯದಕ್ಕೆ ಡೈರೆಕ್ಟ್ ಇಂಪಿಂಜ್‌ಮೆಂಟ್ ಎಂದು ಹೆಸರು. ಇಲ್ಲಿ ನೇರ ಅನಿಲ ಪದ್ಧತಿ ಎನ್ನೋಣ. ಮೊದಲನೆಯದು ಗಟ್ಟಿ, ಎರಡನೆಯದು ಹಗುರ ಆದರೆ ಕೈಕೊಡುವಂಥದ್ದು ಎಂಬ ಮಾತು ಬಹುಕಾಲದಿಂದ ಚಾಲ್ತಿಯಲ್ಲಿದೆ. ದಾಖಲೆಗಳನ್ನು ಬಿಡಿಸಿ ನೋಡಿದರೆ ಈ ತೀರ್ಪು ನಿಲ್ಲುವುದಿಲ್ಲ. ಅನಿಲ ಪದ್ಧತಿಯ ತಲೆಗೆ ಕಟ್ಟಿದ ಸೋಲುಗಳಲ್ಲಿ ಹೆಚ್ಚಿನವು ಮದ್ದು, ತೋಟೆ ಕೂರುವ ಚೇಂಬರ್, ಮ್ಯಾಗಜೀನ್ ಮತ್ತು ಆಡಳಿತದ ಅವಸರದಿಂದ ಹುಟ್ಟಿದವು.

ಅಮೆರಿಕದ ಜಾನ್ ಬ್ರೌನಿಂಗ್ 1889ರಲ್ಲಿ ಯೂಟಾದ ಆಗ್ಡೆನ್ ಬಳಿ ಗುಂಡು ಹಾರಿಸುವಾಗ ನಳಿಕೆಯ ಬಾಯಿಂದ ನುಗ್ಗಿದ ಅನಿಲಕ್ಕೆ ಸುತ್ತಲಿನ ಹುಲ್ಲು ಬಾಗಿದ್ದನ್ನು ಕಂಡು, ಹೀಗೆ ಪೋಲಾಗುವ ಬಲವನ್ನು ದುಡಿಸಿಕೊಳ್ಳಲು ಹೊರಟ ಕಥೆ ಪ್ರಸಿದ್ಧ. ಆ ಯೋಚನೆ ಮುಂದೆ ಕೋಲ್ಟ್ ಕಂಪನಿಯ 1895ರ ಮೆಷಿನ್ ಗನ್ ಆಯಿತು. ಮೆಷಿನ್ ಗನ್‌ಗೆ ಒಗ್ಗಿದ್ದು ಸಿಪಾಯಿಯ ರೈಫಲ್‌ಗೆ ಒಗ್ಗಲು ಹೆಚ್ಚು ಕಾಲ ಬೇಕಾಯಿತು. ತೂಕ ಒಂದು ತೊಡಕಾದರೆ, ನಳಿಕೆಗೆ ತೂತು ಕೊರೆಯುವ ಭಯ ಇನ್ನೊಂದು. ಈ ಭಯವನ್ನು ಇಂದು ಲಘುವಾಗಿ ಕಾಣಬಹುದು, ಆದರೆ ಅದು ಎರಡು ದೊಡ್ಡ ಸೇನೆಗಳ ರೈಫಲ್‌ಗಳ ರೂಪವನ್ನೇ ನಿರ್ಧರಿಸಿತು. 1936ರಲ್ಲಿ ಅಮೆರಿಕದ ಸೇನೆ ಒಪ್ಪಿಕೊಂಡ ಜಾನ್ ಗರಾಂಡ್‌ನ ಎಂ1 ರೈಫಲ್, ಮೊದಮೊದಲು ಗುಂಡು ನಳಿಕೆ ದಾಟಿದ ಮೇಲೆ ಬಾಯಲ್ಲಿ ಅನಿಲವನ್ನು ಹಿಡಿಯುತ್ತಿತ್ತು. ಅದು ಸರಿಬರದೆ, 1940ರ ಹೊತ್ತಿಗೆ ನಳಿಕೆಯ ತುದಿಯ ಬಳಿ ತೂತು ಕೊರೆಯಲೇಬೇಕಾಯಿತು. ಜರ್ಮನಿಯ ಸೇನೆಯಂತೂ ನಳಿಕೆಗೆ ತೂತು ಕೂಡದು ಎಂದು ಷರತ್ತನ್ನೇ ಹಾಕಿತ್ತು. ಅದರಿಂದ ಹುಟ್ಟಿದ ಜಿ41 ಭಾರವೂ ತೊಡಕಿನದೂ ಆಗಿತ್ತು. ಪೂರ್ವ ರಂಗದಲ್ಲಿ ಸೋವಿಯತ್‌ನ ಟೊಕರೆವ್ ರೈಫಲ್‌ಗಳು ಕೈಗೆ ಸಿಕ್ಕಮೇಲೆ ಜರ್ಮನರು ಷರತ್ತು ಬಿಟ್ಟು, ಟೊಕರೆವ್‌ನ ಪಿಸ್ಟನ್ ಏರ್ಪಾಟನ್ನು ಅನುಸರಿಸಿ ಜಿ43 ಮಾಡಿಕೊಂಡರು.

ಪಿಸ್ಟನ್‌ನಲ್ಲಿಯೇ ಎರಡು ಬಗೆ. ಗರಾಂಡ್ ಮತ್ತು ಕಲಾಶ್ನಿಕೋವ್ ರೈಫಲ್‌ಗಳಲ್ಲಿ ಪಿಸ್ಟನ್ ಬೋಲ್ಟ್‌ನ ಚಾಲಕ ಭಾಗಕ್ಕೆ ಬೆಸೆದುಕೊಂಡು ಅದರ ಜೊತೆಯಲ್ಲೇ ಕೊನೆಯವರೆಗೆ ಹಿಂದಕ್ಕೆ ಹೋಗುತ್ತದೆ. ಇದು ಉದ್ದ ಚಲನೆಯ ಪಿಸ್ಟನ್. ಟೊಕರೆವ್ ಮತ್ತು ಬೆಲ್ಜಿಯಂನ ಎಫ್‌ಎನ್ ಎಫ್‌ಎಎಲ್‌ನಲ್ಲಿ ಪಿಸ್ಟನ್ ಕ್ಯಾರಂ ಸ್ಟ್ರೈಕರ್‌ನಂತೆ ಒಂದೇ ಒಂದು ಪೆಟ್ಟು ಕೊಟ್ಟು ನಿಂತುಬಿಡುತ್ತದೆ. ಕ್ಯಾರಿಯರ್ ತನ್ನ ವೇಗದಲ್ಲಿ ತಾನು ಸಾಗುತ್ತದೆ. ಇದು ಗಿಡ್ಡ ಚಲನೆಯ ಪಿಸ್ಟನ್. ಉದ್ದ ಚಲನೆಯಲ್ಲಿ ಚಲಿಸುವ ತೂಕ ಹೆಚ್ಚು, ಆದ್ದರಿಂದ ಕೊಳೆಯನ್ನು ನೂಕಿಕೊಂಡು ಹೋಗುವ ಶಕ್ತಿಯೂ ಹೆಚ್ಚು. ಬೆಲೆಯೆಂದರೆ ಗುಂಡು ಹಾರಿಸುವಾಗ ಕೈಯಲ್ಲಿ ಹೆಚ್ಚುವ ಕುಲುಕು.

ನೇರ ಅನಿಲ ಪದ್ಧತಿಯ ತವರು ಅಮೆರಿಕವಲ್ಲ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಫ್ರಾನ್ಸಿನ ರೊಸಿನ್ಯೋಲ್ ಈ ಬಗೆಯ ಪ್ರಾಯೋಗಿಕ ರೈಫಲ್ ರೂಪಿಸಿದ್ದ. ಸೇನೆಯ ಬಳಕೆಗೆ ಅದನ್ನು ತಂದದ್ದು ಸ್ವೀಡನ್: ಎರಿಕ್ ಎಕ್ಲುಂಡ್ ವಿನ್ಯಾಸದ, 6.5 ಮಿ.ಮೀ. ತೋಟೆಯ ಎಜಿ ಎಂ/42, ಜನರ ಬಾಯಲ್ಲಿ ಲ್ಯುಂಗ್‌ಮನ್. ಇದರಲ್ಲಿ ಅನಿಲದ ಕೊಳವೆ ನಳಿಕೆಯ ಮೇಲಿನಿಂದ ಹಿಂದಕ್ಕೆ ಬಂದು ಕ್ಯಾರಿಯರ್‌ನ ಮುಂಭಾಗದ ಬಟ್ಟಲಿನಂಥ ಕುಳಿಗೆ ಅನಿಲವನ್ನು ಉಗುಳುತ್ತದೆ. ಕ್ಯಾರಿಯರ್ ಹಿಂದೆ ಸರಿದೊಡನೆ ಅನಿಲ ಗಾಳಿಗೆ ಸೇರುತ್ತದೆ. ಪಿಸ್ಟನ್ ಇಲ್ಲ, ಅದರ ಸ್ಪ್ರಿಂಗ್ ಇಲ್ಲ. ಹರಿವನ್ನು ಹೆಚ್ಚುಕಡಿಮೆ ಮಾಡುವ ರೆಗ್ಯುಲೇಟರ್ ಕೂಡ ಇಲ್ಲ, ಆದ್ದರಿಂದ ತೋಟೆ ಬದಲಾದರೆ ರೈಫಲ್‌ನ ವರ್ತನೆಯೂ ಬದಲಾಗುತ್ತದೆ. ಇದೇ ವಿನ್ಯಾಸವನ್ನು ಕೊಂಡು 7.92 ಮಿ.ಮೀ. ಹಕೀಮ್ ರೈಫಲ್ ಮಾಡಿದ ಈಜಿಪ್ಟ್ ಮೊದಲು ಸೇರಿಸಿದ್ದೇ ರೆಗ್ಯುಲೇಟರ್ ಅನ್ನು.

ಫ್ರೆಂಚರು ಅದೇ ತತ್ವದ ಮೇಲೆ ಎಂಎಎಸ್-49 ಮತ್ತು ಎಂಎಎಸ್-49/56 ರೈಫಲ್‌ಗಳನ್ನು ಕಟ್ಟಿದರು. ಇಂಡೋಚೀನಾದ ಕೆಸರಿನಲ್ಲೂ ಅಲ್ಜೀರಿಯಾದ ಧೂಳಿನಲ್ಲೂ ದುಡಿದ ಈ ರೈಫಲ್‌ಗಳು ನಂಬಬಹುದಾದವು ಎಂಬ ಹೆಸರು ಗಳಿಸಿದವು. ‘ನೇರ ಅನಿಲ ಎಂದರೆ ಜಾಮ್’ ಎನ್ನುವವರು ಈ ಅಧ್ಯಾಯವನ್ನು ಓದಿದಂತಿಲ್ಲ.

ಇನ್ನು ಯೂಜೀನ್ ಸ್ಟೋನರ್. ಆರ್ಮಲೈಟ್ ಕಂಪನಿಯಲ್ಲಿದ್ದಾಗ ಆತ 1956ರಲ್ಲಿ ಸಲ್ಲಿಸಿ 1960ರಲ್ಲಿ ಪಡೆದ ಪೇಟೆಂಟ್ ಎಆರ್-10, ಎಆರ್-15 ಮತ್ತು ಎಂ16 ರೈಫಲ್‌ಗಳ ಅಡಿಪಾಯ. ಎಂ16 ಸ್ವಯಂಚಾಲಿತವಾಗಿಯೂ ಗುಂಡು ಹಾರಿಸುತ್ತದೆ. ಅರೆಸ್ವಯಂಚಾಲಿತ ಎಆರ್-15ರಲ್ಲಿಯೂ ಅನಿಲದ ಹಾದಿ ಅದೇ. ಸ್ಟೋನರ್‌ನ ಕೊಳವೆ ಅನಿಲವನ್ನು ಕ್ಯಾರಿಯರ್‌ನ ಮುಖಕ್ಕೆ ಉಗುಳುವುದಿಲ್ಲ, ಅದರ ಒಳಗಿನ ಕೋಣೆಗೆ ಇಳಿಸುತ್ತದೆ. ಅಲ್ಲಿ ಬೋಲ್ಟ್‌ನ ಬಾಲವೇ ಪಿಸ್ಟನ್, ಸುತ್ತಲಿನ ಕ್ಯಾರಿಯರ್ ಸಿಲಿಂಡರ್. ಅನಿಲ ಸೋರದಂತೆ ಬೋಲ್ಟ್‌ಗೆ ಮೂರು ಉಂಗುರಗಳು. ಅನಿಲ ಹಿಗ್ಗಿದಾಗ ಕ್ಯಾರಿಯರ್ ಹಿಂದಕ್ಕೆ, ಬೋಲ್ಟ್ ಮುಂದಕ್ಕೆ ಒತ್ತಲ್ಪಡುತ್ತವೆ. ಇದರಿಂದ ಬೋಲ್ಟ್‌ನ ಹಲ್ಲುಗಳ ಮೇಲಿನ ಭಾರ ಇಳಿದು ಅದು ಹಗುರಾಗಿ ತಿರುಗಿ ಬಿಡಿಸಿಕೊಳ್ಳುತ್ತದೆ. ಕೆಲಸ ಮುಗಿಸಿದ ಅನಿಲ ಕ್ಯಾರಿಯರ್‌ನ ಬಲಬದಿಯ ರಂಧ್ರಗಳಿಂದ ಹೊರಬೀಳುತ್ತದೆ. ತನ್ನದು ಆಗಿನ ರೂಢಿಯ ನೇರ ಪದ್ಧತಿಗಿಂತ ಬೇರೆ ಎಂದು ಪೇಟೆಂಟ್‌ನಲ್ಲಿ ಸ್ಟೋನರ್ ತಾನೇ ಹೇಳಿಕೊಂಡಿದ್ದಾನೆ. ಯಾಂತ್ರಿಕವಾಗಿ ನೋಡಿದರೆ ಆತನದು ಒಳಗೆ ಅಡಗಿದ ಪಿಸ್ಟನ್ ಎನ್ನುವುದೇ ಸರಿ.

ಇದರ ಲಾಭ ಎದ್ದು ಕಾಣುವಂಥದ್ದು. ಎಲ್ಲ ಬಲವೂ ನಳಿಕೆಯ ನೇರದಲ್ಲಿ ಹಿಂದಕ್ಕೆ ಹೋಗುವುದರಿಂದ ಮೂತಿ ಮೇಲೇಳುವುದು ಕಡಿಮೆ. ನಳಿಕೆಗೆ ತೂಗುವ ಭಾಗಗಳು ಕಡಿಮೆಯಾಗಿ ಗುರಿ ನಿಖರವಾಗುತ್ತದೆ. ಮೊದಲ ಎಆರ್-15 ಮ್ಯಾಗಜೀನ್ ಬಿಟ್ಟು 3 ಕೆ.ಜಿ.ಗೂ ಕಡಿಮೆ ಇತ್ತು. ಬಿಸಿ ಮತ್ತು ಮಸಿ ರೈಫಲ್‌ನ ಹೊಟ್ಟೆಗೇ ಬರುತ್ತವೆ ಎಂಬುದು ನಷ್ಟದ ಬದಿ. ಎಣ್ಣೆ ಬೇಗ ಒಣಗುತ್ತದೆ, ಮೇಲಿಂದ ಮೇಲೆ ಒರೆಸಬೇಕು.

ವಿಯೆಟ್ನಾಂನಲ್ಲಿ ಇದೇ ರೈಫಲ್ ಕೈಕೊಟ್ಟು ಸಿಪಾಯಿಗಳು ಸತ್ತರು. ಕಾರಣವನ್ನು 1967ರಲ್ಲಿ ರಿಚರ್ಡ್ ಐಕಾರ್ಡ್ ನೇತೃತ್ವದ ಸಂಸದೀಯ ಉಪಸಮಿತಿ ಹುಡುಕಿತು. ಸ್ಟೋನರ್ ತನ್ನ ರೈಫಲ್ಲನ್ನು ಡ್ಯುಪಾಂಟ್‌ನ ಐಎಂಆರ್ ಮದ್ದಿಗೆ ಹೊಂದಿಸಿದ್ದ. ಸೇನೆ ಅದನ್ನು ಬಿಟ್ಟು ಓಲಿನ್ ಕಂಪನಿಯ ಗುಂಡುಕಾಳಿನಾಕಾರದ ಮದ್ದು ತುಂಬಿಸಿತು. ಹೊಸ ಮದ್ದಿನಿಂದ ಅನಿಲದ ತೂತಿನ ಬಳಿಯ ಒತ್ತಡವೂ ಬೋಲ್ಟ್‌ನ ಓಟವೂ ಹೆಚ್ಚಿದವು, ಅದರಲ್ಲಿದ್ದ ಕ್ಯಾಲ್ಸಿಯಂ ಕಾರ್ಬೊನೇಟ್ ಕೊಳವೆಯಲ್ಲಿ ಕೂತಿತು. ಚೇಂಬರ್‌ಗೆ ಕ್ರೋಮ್ ಲೇಪನ ಇರಲಿಲ್ಲ. ತೇವದ ಹವೆಯಲ್ಲಿ ಅದು ತುಕ್ಕು ಹಿಡಿದು ಕುಳಿಬಿದ್ದು, ಖಾಲಿ ತೋಟೆಯನ್ನು ಕಚ್ಚಿ ಹಿಡಿಯಿತು. ಕದನದ ನಡುವೆ ನಳಿಕೆಯೊಳಗೆ ಕಡ್ಡಿ ತೂರಿಸಿ ತೋಟೆ ಹೊರಡಿಸಬೇಕಾದ ಸ್ಥಿತಿ. ಇದಕ್ಕೆಲ್ಲ ಕಲಶವಿಟ್ಟಂತೆ, ಈ ರೈಫಲ್‌ಗೆ ಶುಚಿ ಮಾಡುವ ಅಗತ್ಯವೇ ಇಲ್ಲವೆಂಬ ಮಾತು ಹಬ್ಬಿ, ಶುಚಿ ಮಾಡುವ ಸಾಮಗ್ರಿ ಸಾಕಷ್ಟು ಹೋಗಲೇ ಇಲ್ಲ. ಚೇಂಬರ್‌ಗೆ ಕ್ರೋಮ್, ಕ್ಯಾರಿಯರ್‌ನ ಹಿಂದೋಟವನ್ನು ತಡೆಯುವ ಹೊಸ ಬಫರ್, ತಿದ್ದಿದ ಮದ್ದು ಮತ್ತು ಚಿತ್ರಕಥೆಯ ರೂಪದಲ್ಲಿ ವಿಲ್ ಐಸ್ನರ್ ಬರೆದ ಆರೈಕೆಯ ಕೈಪಿಡಿ ಬಂದ ಮೇಲೆ ದೂರುಗಳು ಇಳಿದವು. ಅನಿಲದ ಹಾದಿ ಮಾತ್ರ ಇದ್ದಂತೆಯೇ ಉಳಿಯಿತು. ಅಪರಾಧಿ ಅದೇ ಆಗಿದ್ದರೆ ಈ ಮದ್ದುಗಳಿಂದ ರೋಗ ವಾಸಿಯಾಗಬಾರದಿತ್ತು.

ಪಿಸ್ಟನ್ ಬದಿಯ ಸೋಲುಗಳೂ ಇವೆ, ಅವನ್ನು ಯಾರೂ ಪಿಸ್ಟನ್ ಲೆಕ್ಕಕ್ಕೆ ಬರೆಯುವುದಿಲ್ಲ. ಕೈಯಿಂದ ತಿರುಗಿಸಬಲ್ಲ ರೆಗ್ಯುಲೇಟರ್ ಇದ್ದ ಎಫ್‌ಎಎಲ್, ಮರಳುಗಾಡಿನಲ್ಲಿ ಇಸ್ರೇಲಿ ಸಿಪಾಯಿಗಳನ್ನು ಕಾಡಿತು. ಅವರು ಕಲಾಶ್ನಿಕೋವ್ ತತ್ವದ ಗಲೀಲ್ ಕಡೆಗೆ ಹೊರಳಿದರು. ಅದೇ ಎಫ್‌ಎಎಲ್ ಆಧಾರದ, ಇಶಾಪುರದ ಕಾರ್ಖಾನೆಯ 7.62 ಮಿ.ಮೀ. 1ಎ1 ರೈಫಲ್ ನಮ್ಮ ಸೇನೆಯಲ್ಲಿ ದಶಕಗಳ ಕಾಲ ದುಡಿಯಿತು. ಎಸ್‌ಎಲ್‌ಆರ್ ಎಂಬ ಹೆಸರಲ್ಲಿ ಅದನ್ನು ಕರ್ನಾಟಕದ ಪೊಲೀಸರ ಹೆಗಲಲ್ಲಿ ಕಂಡವರು ಬಹಳ ಮಂದಿ. ಆಮೇಲೆ ಬಂದ ಇನ್ಸಾಸ್‌ನಲ್ಲಿ ಉದ್ದ ಚಲನೆಯ ಪಿಸ್ಟನ್ ಇದ್ದರೂ ಕಾರ್ಗಿಲ್ ಚಳಿಯಲ್ಲಿ ದೂರು ತಂದದ್ದು ಅದರ ಪ್ಲಾಸ್ಟಿಕ್ ಮ್ಯಾಗಜೀನ್‌ನ ಬಿರುಕು. ಬ್ರಿಟನ್ನಿನ ಎಸ್‌ಎ80 ಇನ್ನೂ ಚೆನ್ನಾದ ಪಾಠ. ಎಆರ್-15ರ ಹಕ್ಕನ್ನು ಕೋಲ್ಟ್‌ಗೆ ಮಾರಿದ ಆರ್ಮಲೈಟ್ ಬೇರೆ ದಾರಿ ಹುಡುಕುತ್ತ ರೂಪಿಸಿದ ಎಆರ್-18ರ ಗಿಡ್ಡ ಚಲನೆಯ ಪಿಸ್ಟನ್ನೇ ಅದರ ಒಳಗಿದ್ದದ್ದು. ಆದರೂ 1991ರ ಕೊಲ್ಲಿ ಯುದ್ಧದಲ್ಲಿ ಅದು ಕುಖ್ಯಾತವಾಯಿತು. ಜರ್ಮನಿಯ ಹೆಕ್ಲರ್ ಅಂಡ್ ಕೋಖ್ ಬೋಲ್ಟ್, ಖಾಲಿ ತೋಟೆಯನ್ನು ಎಳೆಯುವ ಎಕ್ಸ್‌ಟ್ರಾಕ್ಟರ್, ಮ್ಯಾಗಜೀನ್ ಮೊದಲಾದ ಭಾಗಗಳನ್ನು ಹೊಸದಾಗಿ ಮಾಡಿಕೊಟ್ಟ ಮೇಲೆ ಚೇತರಿಸಿಕೊಂಡಿತು.

ಇಷ್ಟಾದರೂ ಪಿಸ್ಟನ್ ಪರ ವಾದಕ್ಕೆ ಒಂದು ಗಟ್ಟಿ ಅಂಕಿಯಿದೆ. 2007ರ ಕೊನೆಯಲ್ಲಿ ಅಮೆರಿಕದ ಸೇನೆ ಅಬರ್ಡೀನ್‌ನಲ್ಲಿ ನಡೆಸಿದ ಧೂಳಿನ ಪರೀಕ್ಷೆಯಲ್ಲಿ ಪ್ರತಿ ಮಾದರಿಯಿಂದ 60,000 ಗುಂಡು ಹಾರಿಸಲಾಯಿತು. ಸ್ಟೋನರ್ ಪದ್ಧತಿಯ ಎಂ4, ಅಂದರೆ ಎಂ16ರ ಗಿಡ್ಡ ರೂಪ, 882 ಸಲ ಸಿಕ್ಕಿಕೊಂಡಿತು. ಮೂರೂ ಪಿಸ್ಟನ್ ರೈಫಲ್‌ಗಳಾದ ಎಚ್‌ಕೆ416 233 ಸಲ, ಸ್ಕಾರ್ 226 ಸಲ, ಎಕ್ಸ್‌ಎಂ8 127 ಸಲ. ಅಂತರ ದೊಡ್ಡದು, ತಳ್ಳಿಹಾಕಲಾಗದು. ಆದರೆ ಅದೇ ವರ್ಷದ ಹಿಂದಿನ ಪರೀಕ್ಷೆಯಲ್ಲಿ ಅದೇ ಎಂ4 ಸುಮಾರು 300 ಸಲವಷ್ಟೇ ಸಿಕ್ಕಿಕೊಂಡಿತ್ತು. ಒಂದೇ ರೈಫಲ್ ಎರಡು ಪರೀಕ್ಷೆಗಳಲ್ಲಿ ಸುಮಾರು ಮೂರು ಪಟ್ಟು ಬದಲಾದಾಗ, ಅನಿಲ ಪದ್ಧತಿಯೊಂದನ್ನೇ ಬೇರ್ಪಡಿಸಿ ತೀರ್ಪು ಕೊಡುವುದು ಕಷ್ಟ.

ಎಂ4ರ ತೊಂದರೆಯಲ್ಲಿ ಉದ್ದದ ಪಾಲು ದೊಡ್ಡದೆಂದು ನನ್ನ ಅನಿಸಿಕೆ. ಎಂ16ರ 20 ಇಂಚಿನ ನಳಿಕೆಯನ್ನು 14.5 ಇಂಚಿಗೆ ಇಳಿಸಿದಾಗ ಅನಿಲದ ತೂತು ಚೇಂಬರ್ ಕಡೆಗೆ ಸರಿಯಿತು. ಅಲ್ಲಿ ಒತ್ತಡ ಹೆಚ್ಚು. ಚೇಂಬರ್‌ನಲ್ಲಿ ತೋಟೆ ಇನ್ನೂ ಬಿಗಿಯಾಗಿ ಹಿಗ್ಗಿರುವಾಗಲೇ ಎಕ್ಸ್‌ಟ್ರಾಕ್ಟರ್ ಅದನ್ನು ಜಗ್ಗುತ್ತದೆ. ಅಮೆರಿಕದ ವಿಶೇಷ ಪಡೆಗಳು ಮುಂದೆ ತಮ್ಮ ಎಂ4ಎ1ಗೆ ತರಿಸಿಕೊಂಡ ಹೊಸ ಮೇಲ್ಭಾಗದಲ್ಲಿ ಪಿಸ್ಟನ್ ಇರಲಿಲ್ಲ, ತೂತನ್ನು ಸ್ವಲ್ಪ ಮುಂದಕ್ಕೆ ಸರಿಸಲಾಗಿತ್ತು. ಇತ್ತ ಎಆರ್ ದೇಹಕ್ಕೆ ಪಿಸ್ಟನ್ ಜೋಡಿಸಿದವರಿಗೆ ಬೇರೆ ತಲೆನೋವು ಎದುರಾಯಿತು: ಮೇಲಿನಿಂದ ಬೀಳುವ ಪೆಟ್ಟಿಗೆ ಕ್ಯಾರಿಯರ್ ಓರೆಯಾಗಿ, ಹಿಂದಿನ ಬಫರ್ ಕೊಳವೆಯನ್ನು ಸವೆಸುವುದು. ಸ್ಟೋನರ್ ಕೂಡ ಒಂದೇ ಪಕ್ಷಕ್ಕೆ ಅಂಟಿಕೊಂಡವನಲ್ಲ. ಆತನ ಎಆರ್-16ರಲ್ಲೂ ಸ್ಟೋನರ್ 63ರಲ್ಲೂ ಪಿಸ್ಟನ್ ಇದೆ.

ಸೈಲೆನ್ಸರ್ ಎಲ್ಲ ಸಿಪಾಯಿಗಳ ಕೈಗೂ ಬರತೊಡಗಿದ ಮೇಲೆ ತಕ್ಕಡಿ ಮತ್ತೆ ಅಲುಗಿದೆ. ಸೈಲೆನ್ಸರ್ ತಡೆದ ಅನಿಲ ಹಿಂದಕ್ಕೆ ನುಗ್ಗಿ, ಸ್ಟೋನರ್ ಪದ್ಧತಿಯಲ್ಲಿ ಗುರಿಕಾರನ ಮುಖಕ್ಕೆ ಹೆಚ್ಚಾಗಿ ಬರುತ್ತದೆ. 2022ರಲ್ಲಿ ಅಮೆರಿಕದ ಸೇನೆ ಎಂ4ರ ಜಾಗಕ್ಕೆ ಆರಿಸಿಕೊಂಡ ಸಿಗ್ ಸೌಯರ್ ರೈಫಲ್ ಗಿಡ್ಡ ಚಲನೆಯ ಪಿಸ್ಟನ್‌ನದು, ಸೈಲೆನ್ಸರ್ ಸಮೇತ ಬರುವಂಥದ್ದು. ಮರುವರ್ಷ, ದಶಕಗಳ ಕಾಲ ಪಿಸ್ಟನ್ ರೈಫಲ್ ಹೊತ್ತ ಬ್ರಿಟನ್ ತನ್ನ ರೇಂಜರ್ ಪಡೆಗೂ ರಾಯಲ್ ಮರೀನ್ ಪಡೆಗೂ ನೈಟ್ಸ್ ಆರ್ಮಮೆಂಟ್ ಕಂಪನಿಯ ಕೆಎಸ್-1 ಕೊಂಡಿತು. ಅದೂ ಸೈಲೆನ್ಸರ್ ಸಮೇತ; ಅದರ ಅನಿಲದ ಹಾದಿ 1956ರ ಪೇಟೆಂಟ್‌ನದು.